ಪದ ಪರಿಚಯ: ಅರೇಖೀಯ ಬೆಳಕು

ಊರಹಬ್ಬದಲ್ಲಿ ಮೈಕ್‌ಸೆಟ್‌ನವರು ವಾಲ್ಯೂಮ್ ಏರಿಸುವಾಗ ಗಮನಿಸಿದ್ದೀರಾ? ಒಂದು ಮಟ್ಟದವರೆಗೆ ಹಾಡು ಸುಮ್ನೆ ಜೋರಾಗುತ್ತದೆ. ಆಮೇಲೆ ಸ್ಪೀಕರ್ ಒಡೆದ ಹಾಗೆ ಕೇಳಿಸುತ್ತದೆ. ಹಾಡಿದವರ ಗಂಟಲಲ್ಲಿ ಇಲ್ಲದ ಸ್ವರಗಳು ಸೇರಿಕೊಳ್ಳುತ್ತವೆ. ಕೊಟ್ಟಷ್ಟಕ್ಕೆ ತಕ್ಕಷ್ಟು ಬಂದರೆ ಅದು ರೇಖೀಯ, ಗ್ರಾಫಿನಲ್ಲಿ ನೆಟ್ಟನೆ ಗೆರೆ. ಗೆರೆ ಬಾಗಿದರೆ ಅರೇಖೀಯ, ಅಂದರೆ ನಾನ್‌ಲೀನಿಯರ್.

ಬೆಳಕಿನಲ್ಲೂ ಹೀಗೇ. ವಸ್ತುವಿನೊಳಗೆ ಹೋದ ಬೆಳಕು ಅಲ್ಲಿನ ಎಲೆಕ್ಟ್ರಾನುಗಳನ್ನು ಅಲುಗಿಸುತ್ತದೆ. ಸಾಮಾನ್ಯ ಬೆಳಕಿಗೆ ಅವು ತಾಳ ತಪ್ಪದೆ ಅಲುಗುತ್ತವೆ. ಲೇಸರಿನಷ್ಟು ಬಲವಾದ ಬೆಳಕು ಬಿದ್ದಾಗ ತಾಳ ಕೆಡುತ್ತದೆ, ಹೊಸ ಬಣ್ಣ ಹುಟ್ಟುತ್ತದೆ. 1961ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಪೀಟರ್ ಫ್ರಾಂಕನ್ ತಂಡ 694 ನ್ಯಾನೊಮೀಟರ್ ಅಲೆಯುದ್ದದ (ನ್ಯಾನೊಮೀಟರ್ ಅಂದರೆ ಮೀಟರಿನ ನೂರು ಕೋಟಿಯಲ್ಲೊಂದು ಪಾಲು) ಕೆಂಪು ಲೇಸರನ್ನು ಕ್ವಾರ್ಟ್ಜ್ ಹರಳಿಗೆ ಹಾಯಿಸಿತು. ಹೊರಗೆ ಬಂದದ್ದರಲ್ಲಿ 347 ನ್ಯಾನೊಮೀಟರಿನ ಬೆಳಕೂ ಇತ್ತು. ಸರಿಯಾಗಿ ಅರ್ಧ ಅಲೆಯುದ್ದ, ಅಂದರೆ ಇಮ್ಮಡಿ ಆವರ್ತನ (ಅಲೆ ಸೆಕೆಂಡಿಗೆ ತೂಗುವ ಸಲಗಳ ಲೆಕ್ಕ). ಫೋಟೊದಲ್ಲಿ ಅದು ಬರೀ ಪುಟ್ಟ ಚುಕ್ಕೆ. ಅಚ್ಚು ಹಾಕುವಾಗ ಕೊಳೆ ಎಂದುಕೊಂಡು ಅದನ್ನೇ ಅಳಿಸಿಬಿಟ್ಟರಂತೆ! ಲೇಖನದ ಚಿತ್ರದಲ್ಲಿ ಬಾಣದ ಗುರುತು ಮಾತ್ರ ಉಳಿಯಿತು.

ಇದೇ ಆಟ ಇಂಗಾಲದ ನ್ಯಾನೊ ಕೊಳವೆಯಲ್ಲಿ ಹೇಗೆ ನಡೆಯುತ್ತದೆ, ಈಗ ನೋಡೋಣ. ಜೇನುಗೂಡಿನ ಹಾಗೆ ಹೆಣೆದುಕೊಂಡ ಇಂಗಾಲದ ಹಾಳೆಯನ್ನು ಚಾಪೆಯಂತೆ ಸುರುಳಿ ಸುತ್ತಿದರೆ ಹೇಗಿರುತ್ತದೋ ಹಾಗೆ. ಒಂಟಿ ಗೋಡೆಯ ಕೊಳವೆಯ ಅಗಲ ಸುಮಾರು 1 ನ್ಯಾನೊಮೀಟರ್. ಪ್ರತಿ ಪರಮಾಣು ಮೂರು ನೆರೆಯವರ ಕೈ ಹಿಡಿದಿರುತ್ತದೆ. ಅದಕ್ಕೆ ಅದರ ಹೊರಗಿನ ನಾಲ್ಕು ಎಲೆಕ್ಟ್ರಾನುಗಳಲ್ಲಿ ಮೂರು ಬಳಕೆಯಾಗುತ್ತವೆ. ಉಳಿದ ನಾಲ್ಕನೇ ಎಲೆಕ್ಟ್ರಾನು ಕೊಳವೆಯುದ್ದಕ್ಕೂ ಹರಡಿಕೊಳ್ಳುತ್ತದೆ. ಹಾಗಾಗಿ ಬೆಳಕಿನ ಅಲೆ ಕೊಳವೆಯ ಉದ್ದಕ್ಕೆ ತೂಗಿದರೆ ಪ್ರತಿಕ್ರಿಯೆ ಜಾಸ್ತಿ, ಅಡ್ಡಕ್ಕೆ ತೂಗಿದರೆ ತೀರ ಕಡಿಮೆ.

ನನಗೆ ಇದರಲ್ಲಿ ತುಂಬಾ ಇಷ್ಟವಾದದ್ದು ವಿದ್ಯುತ್ ಕ್ಷೇತ್ರದ ಕೆಲಸ. ಆವರ್ತನ ಇಮ್ಮಡಿಯಾಗಬೇಕಾದರೆ ಎಲೆಕ್ಟ್ರಾನು ಒಂದು ಕಡೆಗೆ ಸಲೀಸಾಗಿ, ಇನ್ನೊಂದು ಕಡೆಗೆ ಕಷ್ಟಪಟ್ಟು ಅಲುಗಬೇಕು. ಆದರೆ ಜಿಗ್‌ಜಾಗ್ ಮಾದರಿಯ (ತುದಿಯ ಅಂಚು ಅಂಕುಡೊಂಕಾಗಿ ಕಾಣುವಂತೆ ಸುತ್ತಿದ) ಕೊಳವೆಯನ್ನು ಯಾವ ತುದಿಯಿಂದ ನೋಡಿದರೂ ಒಂದೇ ತರ. ಎಡಕ್ಕೂ ಬಲಕ್ಕೂ ಭೇದವೇ ಇಲ್ಲ, ಅಲ್ವಾ? ಅದಕ್ಕೇ ಅಲ್ಲಿ ಮುಮ್ಮಡಿ ಆವರ್ತನ ಹುಟ್ಟಬಹುದು, ಇಮ್ಮಡಿ ಹುಟ್ಟುವುದಿಲ್ಲ. ಕೊಳವೆಯ ಉದ್ದಕ್ಕೆ ವಿದ್ಯುತ್ ಕ್ಷೇತ್ರ ಕೊಟ್ಟು ನೋಡಿ. ಎಲೆಕ್ಟ್ರಾನುಗಳ ಮೋಡ ಒಂದು ತುದಿಗೆ ವಾಲುತ್ತದೆ. ಪರಮಾಣುಗಳು ಹೆಚ್ಚುಕಮ್ಮಿ ಇದ್ದಲ್ಲೇ ಇರುತ್ತವೆ, ಆದರೂ ಎಡಬಲದ ಸಮತೋಲ ಮುರಿಯಿತು. ಇಲ್ಲದಿದ್ದ ಇಮ್ಮಡಿ ಆವರ್ತನದ ಬೆಳಕು ಈಗ ಬರುತ್ತದೆ. ಕ್ಷೇತ್ರ ತೀರ ಬಲವಾಗಿಲ್ಲದಿದ್ದರೆ ಲೆಕ್ಕವೂ ಸರಳ: ಅದನ್ನು ಎರಡು ಪಟ್ಟು ಮಾಡಿದರೆ ಈ ಹೊಸ ಬೆಳಕು ನಾಲ್ಕು ಪಟ್ಟು. ಕ್ಷೇತ್ರ ತೆಗೆದ ಕೂಡಲೇ ಮೋಡ ಮತ್ತೆ ನಡುವಿಗೆ ಬರುತ್ತದೆ, ಬೆಳಕೂ ನಿಲ್ಲುತ್ತದೆ.