ಟ್ರಸ್ಟ್ ಪತ್ರವನ್ನು ಮೀರಿದ ವ್ಯವಹಾರ: ಟ್ರಸ್ಟಿಯ ಹೊಣೆ ಮತ್ತು ಫಲಾನುಭವಿಯ ಆಯ್ಕೆ

1882ರ ಮಾರ್ಚ್ 1ರಿಂದ ಜಾರಿಗೆ ಬಂದ ಭಾರತೀಯ ಟ್ರಸ್ಟ್ ಅಧಿನಿಯಮದಲ್ಲಿ ಟ್ರಸ್ಟಿಯ ಕರ್ತವ್ಯಗಳನ್ನು ಹೇಳುವ ಅಧ್ಯಾಯವು 11ನೇ ಕಲಮಿನಿಂದ ಆರಂಭವಾಗುತ್ತದೆ. ಟ್ರಸ್ಟಿನ ಉದ್ದೇಶವನ್ನು ಈಡೇರಿಸಬೇಕು ಮತ್ತು ಟ್ರಸ್ಟನ್ನು ಸ್ಥಾಪಿಸುವ ಸಮಯದಲ್ಲಿ ಸ್ಥಾಪಕನು ಕೊಟ್ಟ ನಿರ್ದೇಶನಗಳನ್ನು ಪಾಲಿಸಬೇಕು ಎಂಬುದು ಅದರ ಸಾರ. ಇಲ್ಲಿ ‘ಸ್ಥಾಪಿಸುವ ಸಮಯದಲ್ಲಿ’ ಎಂಬ ಮಾತನ್ನು ಓದುವವರು ಸಾಮಾನ್ಯವಾಗಿ ದಾಟಿಹೋಗುತ್ತಾರೆ. ಮಕ್ಕಳ ಹೆಸರಿನಲ್ಲಿ ಟ್ರಸ್ಟ್ ಮಾಡಿದ ತಂದೆ ಎರಡು ವರ್ಷದ ನಂತರ ಟ್ರಸ್ಟಿಯನ್ನು ಕರೆದು ‘ಆ ನಿವೇಶನವನ್ನು ಮಾರಿಬಿಡಿ’ ಎಂದರೆ, ಅಂತಹ ಅಧಿಕಾರವನ್ನು ಅವರು ಟ್ರಸ್ಟ್ ಪತ್ರದಲ್ಲೇ (ಟ್ರಸ್ಟನ್ನು ಸ್ಥಾಪಿಸಿದ ದಾಖಲೆಯಲ್ಲೇ) ತಮಗಾಗಿ ಉಳಿಸಿಕೊಂಡಿರದ ಹೊರತು, ಆ ಮಾತು ಈ ಕಲಮಿನ ಅರ್ಥದಲ್ಲಿ ನಿರ್ದೇಶನವಾಗುವುದಿಲ್ಲ. ತಂದೆಯ ಮಾತಿಗೆ ಗೌರವ ಕೊಟ್ಟು ಮಾರಿದ ಟ್ರಸ್ಟಿಯೂ ಪತ್ರವನ್ನು ಮೀರಿದವನೇ.

ಕಾಯಿದೆಯೇ ಕೊಟ್ಟಿರುವ ಮೊದಲ ಉದಾಹರಣೆ ಚಿಕ್ಕದಾದರೂ ಬಿಗಿಯಾಗಿದೆ. ಜಮೀನನ್ನು ಬಹಿರಂಗ ಹರಾಜಿನಲ್ಲಿ ಮಾರಲು ಮಾತ್ರ ಅಧಿಕಾರ ಪಡೆದ ಟ್ರಸ್ಟಿ ಅದನ್ನು ಖಾಸಗಿ ಒಪ್ಪಂದದ ಮೂಲಕ ಮಾರುವಂತಿಲ್ಲ. ಖಾಸಗಿಯಾಗಿ ಒಳ್ಳೆಯ ಬೆಲೆ ಬರಬಹುದಿತ್ತಲ್ಲ ಎಂಬ ಪ್ರಶ್ನೆ ತರಗತಿಯಲ್ಲಿ ಏಳುವುದು ಸಹಜ. ಆದರೆ ಒಳ್ಳೆಯ ಬೆಲೆ ಬಂತೋ ಇಲ್ಲವೋ ಎಂಬುದು ನಷ್ಟವನ್ನು ಅಳೆಯುವಾಗ ಬರುವ ವಿಚಾರ. ಅಧಿಕಾರವಿತ್ತೇ ಎಂಬ ಪ್ರಶ್ನೆಗೆ ಅದು ಉತ್ತರವಲ್ಲ. ಈ ಎರಡನ್ನು ಬೆರೆಸುವುದರಿಂದಲೇ ಹೆಚ್ಚಿನ ಉತ್ತರಪತ್ರಿಕೆಗಳು ದಾರಿ ತಪ್ಪುತ್ತವೆ ಎಂದು ನನಗೆ ಅನ್ನಿಸುತ್ತದೆ.

ಪತ್ರದಿಂದ ಸರಿಯಲು ಕಾನೂನೇ ತೆರೆದಿಟ್ಟಿರುವ ದಾರಿಗಳು ಕೆಲವೇ. ಕರಾರು ಮಾಡಿಕೊಳ್ಳಲು ಅರ್ಹರಾದ ಎಲ್ಲ ಫಲಾನುಭವಿಗಳೂ ಒಪ್ಪಿದರೆ ನಿರ್ದೇಶನವನ್ನು ಬದಲಿಸಬಹುದು. ಒಬ್ಬರು ಅಪ್ರಾಪ್ತರಾಗಿದ್ದರೆ ಅವರ ಪರವಾಗಿ ಪ್ರಧಾನ ಸಿವಿಲ್ ನ್ಯಾಯಾಲಯವು ಒಪ್ಪಿಗೆ ಕೊಡಬೇಕೇ ಹೊರತು ತಾಯಿಯೋ ದೊಡ್ಡಪ್ಪನೋ ಸಹಿ ಹಾಕಿದರೆ ಸಾಲದು. ಕಾರ್ಯಸಾಧ್ಯವಲ್ಲದ, ಕಾನೂನುಬಾಹಿರವಾದ ಅಥವಾ ಫಲಾನುಭವಿಗಳಿಗೆ ಕಣ್ಣಿಗೆ ಕಾಣುವಂತೆ ಹಾನಿಕರವಾದ ನಿರ್ದೇಶನವನ್ನು ಪಾಲಿಸಬೇಕೆಂದಿಲ್ಲ. ಹೆಂಡತಿ ಕೇಳಿದಾಗ ಆಕೆಯ ಗಂಡನಿಗೆ ಅವನ ಬಾಂಡಿನ ಭದ್ರತೆಯ ಮೇಲೆ ಸಾಲ ಕೊಡಬೇಕು ಎಂದು ಪತ್ರದಲ್ಲಿದ್ದರೂ, ಗಂಡ ದಿವಾಳಿಯಾಗಿದ್ದರೆ ಟ್ರಸ್ಟಿ ನಿರಾಕರಿಸಬಹುದು ಎಂದು ಅದೇ ಕಲಮಿನ ಇನ್ನೊಂದು ಉದಾಹರಣೆ ಹೇಳುತ್ತದೆ. ಇದು ಹೊಸ ವ್ಯವಹಾರಕ್ಕೆ ಸಿಕ್ಕ ಪರವಾನಗಿಯಲ್ಲ, ಪಾಲಿಸದಿರಲು ಸಿಕ್ಕ ರಕ್ಷಣೆ ಮಾತ್ರ. ಅನುಮಾನವಿದ್ದ ಟ್ರಸ್ಟಿಗೆ 34ನೇ ಕಲಂ ಸುಲಭವಾದ ಉಪಾಯವನ್ನು ಒದಗಿಸಿದೆ: ದಾವೆ ಹೂಡದೆ ಅರ್ಜಿಯ ಮೂಲಕವೇ ನ್ಯಾಯಾಲಯದ ಸಲಹೆ ಕೇಳಬಹುದು, ಸಂಗತಿಗಳನ್ನು ಪ್ರಾಮಾಣಿಕವಾಗಿ ಮುಂದಿಟ್ಟು ಆ ಸಲಹೆಯಂತೆ ನಡೆದರೆ ಕರ್ತವ್ಯವನ್ನು ನಿರ್ವಹಿಸಿದಂತೆಯೇ ಆಗುತ್ತದೆ.

ಪರಿಹಾರದ ತಿರುಳು ಇರುವುದು 23ನೇ ಕಲಮಿನಲ್ಲಿ. ಟ್ರಸ್ಟಿಯ ಕರ್ತವ್ಯಭಂಗದಿಂದ ಟ್ರಸ್ಟ್ ಆಸ್ತಿಗೆ ಅಥವಾ ಫಲಾನುಭವಿಗೆ ಆದ ನಷ್ಟವನ್ನು ಟ್ರಸ್ಟಿ ತುಂಬಿಕೊಡಬೇಕು. ಟ್ರಸ್ಟಿಯ ಮನಸ್ಸಿನಲ್ಲಿ ಕೆಡುಕು ಇತ್ತೇ ಎಂದು ಈ ಕಲಂ ಕೇಳುವುದಿಲ್ಲ. ಅಪ್ರಾಮಾಣಿಕ ಉದ್ದೇಶದ ಪ್ರಶ್ನೆ ಬರುವುದು ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಮಿನ ಅಪರಾಧಿಕ ನಂಬಿಕೆದ್ರೋಹದಲ್ಲಿ. ಇನ್ನು ನಷ್ಟವನ್ನು ಹೇಗೆ ತುಂಬಬೇಕು ಎಂಬಲ್ಲಿ 23ನೇ ಕಲಮಿನ ಉದಾಹರಣೆಗಳು ಮತ್ತೆ ಮತ್ತೆ ಆಯ್ಕೆಯನ್ನು ಫಲಾನುಭವಿಯ ಕೈಗೆ ಕೊಡುತ್ತವೆ. ಅಧಿಕೃತ ಭದ್ರತಾಪತ್ರಗಳನ್ನು (ಹಣ ತೊಡಗಿಸಲು ಅನುಮತಿಯಿರುವ ಸಾಲಪತ್ರ ಮುಂತಾದವನ್ನು) ಟ್ರಸ್ಟಿ ಪತ್ರದಲ್ಲಿಲ್ಲದ ಉದ್ದೇಶಕ್ಕಾಗಿ ಮಾರಿದ್ದರೆ, ಅವೇ ಪತ್ರಗಳನ್ನು ನಡುವಿನ ಅವಧಿಯ ಲಾಭಾಂಶ ಮತ್ತು ಬಡ್ಡಿಯೊಂದಿಗೆ ಮತ್ತೆ ತಂದಿರಿಸಬೇಕೆಂದು ಫಲಾನುಭವಿ ಕೇಳಬಹುದು, ಇಲ್ಲವೇ ಮಾರಾಟದ ಹಣವನ್ನು ಬಡ್ಡಿಯೊಂದಿಗೆ ಕೇಳಬಹುದು. ಮಾರಿದ ಮೇಲೆ ಬೆಲೆ ಏರಿದ್ದರೆ ಮೊದಲನೆಯದೂ, ಕುಸಿದಿದ್ದರೆ ಎರಡನೆಯದೂ ಲಾಭದಾಯಕ. ಮಾರುಕಟ್ಟೆ ಯಾವ ದಿಕ್ಕಿಗೆ ತಿರುಗಿದರೂ ಅದರ ಅಪಾಯ ಟ್ರಸ್ಟಿಯದೇ ಆಗುವಂತೆ ಇದನ್ನು ರಚಿಸಲಾಗಿದೆ. ಜಮೀನನ್ನು ಟ್ರಸ್ಟಿನ ಸುಳಿವಿಲ್ಲದ ಖರೀದಿದಾರನಿಗೆ ಮಾರಿದ್ದರೆ ಅಷ್ಟೇ ಬೆಲೆಯ ಬೇರೆ ಜಮೀನನ್ನು ಕೊಂಡು ಅದೇ ಟ್ರಸ್ಟ್‌ಗೆ ಒಳಪಡಿಸಬೇಕು, ಅಥವಾ ಮಾರಾಟದ ಹಣವನ್ನು ಬಡ್ಡಿ ಸಮೇತ ಕೊಡಬೇಕು.

ಬಡ್ಡಿಯ ಲೆಕ್ಕವನ್ನು ಕೈಯಲ್ಲಿ ಮಾಡಿ ನೋಡುವುದು ಒಳ್ಳೆಯದು. ಬಡ್ಡಿ ಬರಬೇಕಾಗಿದ್ದರೂ ಪಡೆಯದಿದ್ದಾಗ, ಅಥವಾ ಹಣ ಕೊಡಲು ಅಕಾರಣ ವಿಳಂಬ ಮಾಡಿದಾಗ, ನ್ಯಾಯಾಲಯವು ಬೇರೆ ಆದೇಶ ಮಾಡದಿದ್ದರೆ ವಾರ್ಷಿಕ ಶೇ. 6ರ ಸರಳ ಬಡ್ಡಿ. ಹಣವನ್ನು ತೊಡಗಿಸಿ ಬಡ್ಡಿಯನ್ನು ಕೂಡಿಡಬೇಕು ಎಂಬ ನಿರ್ದೇಶನವನ್ನು ಮೀರಿದ್ದರೆ ಅದೇ ದರದಲ್ಲಿ, ಆರು ತಿಂಗಳಿಗೊಮ್ಮೆ ಅಸಲಿಗೆ ಸೇರುವ ಚಕ್ರಬಡ್ಡಿ. 10 ಲಕ್ಷ ರೂಪಾಯಿಗೆ 5 ವರ್ಷಕ್ಕೆ ಸರಳ ಬಡ್ಡಿ 3,00,000 ರೂಪಾಯಿಯಾದರೆ ಚಕ್ರಬಡ್ಡಿ ಸುಮಾರು 3,43,916 ರೂಪಾಯಿ. ಟ್ರಸ್ಟಿನ ಹಣವನ್ನು ಟ್ರಸ್ಟಿ ವ್ಯಾಪಾರದಲ್ಲಿ ತೊಡಗಿಸಿದ್ದರೆ ಈ ಚಕ್ರಬಡ್ಡಿಯನ್ನಾದರೂ, ಆ ತೊಡಗಿಸುವಿಕೆಯಿಂದ ಬಂದ ನಿವ್ವಳ ಲಾಭವನ್ನಾದರೂ ಫಲಾನುಭವಿ ಆರಿಸಿಕೊಳ್ಳಬಹುದು. ಹೀಗಾಗಿ ಅದೇ 10 ಲಕ್ಷದಿಂದ ಅಂಗಡಿ ನಡೆಸಿ 8 ಲಕ್ಷ ಗಳಿಸಿದವನು ‘ನಿಮಗೆ ನಷ್ಟವೇ ಆಗಲಿಲ್ಲವಲ್ಲ’ ಎಂದು ವಾದಿಸಿ ಪ್ರಯೋಜನವಿಲ್ಲ.

24ನೇ ಕಲಂ ಈ ಕಟ್ಟುನಿಟ್ಟನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯುತ್ತದೆ. ಒಂದು ಅನಧಿಕೃತ ಹೂಡಿಕೆಯಲ್ಲಿ 2 ಲಕ್ಷ ಕಳೆದು, ಅದಕ್ಕೆ ಸಂಬಂಧವಿಲ್ಲದ ಇನ್ನೊಂದು ಅನಧಿಕೃತ ಹೂಡಿಕೆಯಲ್ಲಿ 3 ಲಕ್ಷ ಗಳಿಸಿದ ಟ್ರಸ್ಟಿ ಒಂದಕ್ಕೊಂದು ವಜಾ ಮಾಡಿಕೊಳ್ಳುವಂತಿಲ್ಲ. ಗಳಿಕೆ ಟ್ರಸ್ಟಿನದು, ನಷ್ಟ ಅವನದು. ಕಠೋರವೆನಿಸಿದರೂ, ವಜಾಕ್ಕೆ ಅವಕಾಶವಿದ್ದಿದ್ದರೆ ಒಮ್ಮೆ ಕಳೆದುಕೊಂಡ ಟ್ರಸ್ಟಿಗೆ ಮತ್ತೊಮ್ಮೆ ಪತ್ರ ಮೀರಿ ಅದೃಷ್ಟ ಪರೀಕ್ಷಿಸುವ ಆಸೆ ಹುಟ್ಟುತ್ತಿತ್ತು.

ಟ್ರಸ್ಟಿಯ ಬಳಿ ತುಂಬಿಕೊಡಲು ಹಣವೇ ಇಲ್ಲದಿದ್ದರೆ ಮೇಲಿನದೆಲ್ಲ ಕಾಗದದ ಮೇಲಿನ ಹಕ್ಕು. ಆಗ ಕೆಲಸಕ್ಕೆ ಬರುವುದು ಆಸ್ತಿಯ ಬೆನ್ನು ಹತ್ತುವ 63ನೇ ಕಲಂ. ಟ್ರಸ್ಟಿನ ಉದ್ದೇಶಕ್ಕೆ ವಿರುದ್ಧವಾಗಿ ಆಸ್ತಿ ಮೂರನೆಯವರ ಕೈ ಸೇರಿದ್ದರೆ ಅದು ಟ್ರಸ್ಟಿನದೆಂದು ಘೋಷಿಸಲು ಫಲಾನುಭವಿ ದಾವೆ ಹೂಡಬಹುದು. ಆಸ್ತಿ ಮಾರಿ ಬಂದ ಹಣ ಅಥವಾ ಬದಲಿ ಆಸ್ತಿಯನ್ನು ಟ್ರಸ್ಟಿಯ ಇಲ್ಲವೇ ಅವನ ವಾರಸುದಾರರ ಕೈಯಲ್ಲಿ ಗುರುತಿಸಬಹುದಾದರೆ ಅದರ ಮೇಲೂ ಬಹುಮಟ್ಟಿಗೆ ಅದೇ ಹಕ್ಕು ಇರುತ್ತದೆ. ಟ್ರಸ್ಟಿನ ಹಣದಿಂದಲೇ ಪೂರ್ತಿಯಾಗಿ ಕೊಂಡ ಜಮೀನಾದರೆ ಜಮೀನೇ ಫಲಾನುಭವಿಗೆ; ಸ್ವಂತ ಹಣವನ್ನೂ ಬೆರೆಸಿ ತನ್ನ ಹೆಸರಿಗೆ ಕೊಂಡಿದ್ದರೆ ದುರುಪಯೋಗವಾದ ಮೊತ್ತಕ್ಕೆ ಆ ಜಮೀನಿನ ಮೇಲೆ ಋಣಭಾರ, ಅಂದರೆ ಆ ಮೊತ್ತವನ್ನು ಜಮೀನಿನಿಂದಲೇ ವಸೂಲು ಮಾಡುವ ಹಕ್ಕು.

ಈ ಬೆನ್ನು ಹತ್ತುವಿಕೆ ನಿಲ್ಲುವುದು 64ನೇ ಕಲಮಿನಲ್ಲಿ: ಸದ್ಭಾವನೆಯಿಂದ, ಪ್ರತಿಫಲ ಕೊಟ್ಟು, ಟ್ರಸ್ಟಿನ ಬಗ್ಗೆ ತಿಳಿಯದೆ ಕೊಂಡವರ ಕೈಯಲ್ಲಿ ಆಸ್ತಿ ಸುರಕ್ಷಿತ. ತಿಳಿದಿರುವುದು ಎಂದರೇನು ಎಂಬುದನ್ನು 3ನೇ ಕಲಂ ವಿವರಿಸುತ್ತದೆ. ನಿಜವಾಗಿ ತಿಳಿದಿದ್ದವರಷ್ಟೇ ಅಲ್ಲ, ಬೇಕೆಂದೇ ವಿಚಾರಿಸದೆ ಬಿಟ್ಟವರೂ ಘೋರ ನಿರ್ಲಕ್ಷ್ಯ ತೋರಿದವರೂ ತಿಳಿದವರ ಸಾಲಿಗೇ ಸೇರುತ್ತಾರೆ. ಆದ್ದರಿಂದ ಕ್ರಯಪತ್ರದಲ್ಲೇ ‘ಟ್ರಸ್ಟಿ’ ಎಂಬ ಪದವಿದ್ದೂ ಟ್ರಸ್ಟ್ ಪತ್ರವನ್ನು ಕೇಳಿ ನೋಡದ ಖರೀದಿದಾರನಿಗೆ ಈ ರಕ್ಷಣೆ ದಕ್ಕುವುದು ಕಷ್ಟ. ಮಾರಿದ ಟ್ರಸ್ಟಿಯೇ ಮುಂದೆ ಅದೇ ಆಸ್ತಿಯ ಮಾಲೀಕನಾದರೆ, ನಡುವೆ ಎಷ್ಟೇ ಅಮಾಯಕ ಖರೀದಿದಾರರು ಬಂದುಹೋಗಿದ್ದರೂ, 65ನೇ ಕಲಮಿನ ಪ್ರಕಾರ ಆಸ್ತಿ ಮತ್ತೆ ಟ್ರಸ್ಟ್‌ಗೆ ಒಳಪಡುತ್ತದೆ.

ಟ್ರಸ್ಟಿಗಳು ಹಲವರಿದ್ದು ಜೊತೆಯಾಗಿ ತಪ್ಪು ಮಾಡಿದ್ದರೆ 27ನೇ ಕಲಮಿನಂತೆ ಇಡೀ ನಷ್ಟಕ್ಕೆ ಪ್ರತಿಯೊಬ್ಬರೂ ಹೊಣೆ. ಹಂಚಿಕೆ ಅವರೊಳಗಿನ ವಿಷಯ. ಪೂರ್ಣ ಸಂಗತಿ ಮತ್ತು ತನ್ನ ಹಕ್ಕುಗಳನ್ನು ಅರಿತು ಒತ್ತಡವಿಲ್ಲದೆ ಒಪ್ಪಿದ ವಯಸ್ಕ ಫಲಾನುಭವಿ ಮಾತ್ರ ನಂತರ ದೂರುವಂತಿಲ್ಲ. ಸುಮ್ಮನಿದ್ದನೆಂಬ ಒಂದೇ ಕಾರಣಕ್ಕೆ ಒಪ್ಪಿದನೆಂದು ಬರೆದುಬಿಡಬಾರದು.

ವ್ಯವಹಾರ ಇನ್ನೂ ಮುಗಿಯದೆ ಮಾತುಕತೆಯ ಹಂತದಲ್ಲಿದ್ದರೆ 1963ರ ನಿರ್ದಿಷ್ಟ ಪರಿಹಾರ ಅಧಿನಿಯಮದ 38ನೇ ಕಲಮಿನಡಿ ಶಾಶ್ವತ ತಡೆಯಾಜ್ಞೆ ಕೇಳಬಹುದು. ಪ್ರತಿವಾದಿಯು ವಾದಿಯ ಆಸ್ತಿಗೆ ಟ್ರಸ್ಟಿಯಾಗಿರುವ ಸಂದರ್ಭವನ್ನು ಅದು ಹೆಸರಿಸಿಯೇ ಹೇಳಿದೆ. ಸಾರ್ವಜನಿಕ ಧರ್ಮಾದಾಯ ಟ್ರಸ್ಟುಗಳಿಗೆ 1882ರ ಅಧಿನಿಯಮ ಅನ್ವಯಿಸುವುದಿಲ್ಲ. ಅಲ್ಲಿ ಹಿತಾಸಕ್ತಿಯುಳ್ಳ ಇಬ್ಬರು ಅಥವಾ ಹೆಚ್ಚು ಮಂದಿ ನ್ಯಾಯಾಲಯದ ಅನುಮತಿ ಪಡೆದು ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಮಿನಡಿ ಟ್ರಸ್ಟಿಯನ್ನು ತೆಗೆದುಹಾಕಲು, ಲೆಕ್ಕ ಕೇಳಲು ದಾವೆ ಹೂಡಬಹುದು.

ಕಾಲಮಿತಿಯ ವಿಚಾರದಲ್ಲಿ, ನಿರ್ದಿಷ್ಟ ಉದ್ದೇಶಕ್ಕಾಗಿ ಆಸ್ತಿಯನ್ನು ವಹಿಸಿಕೊಂಡ ಟ್ರಸ್ಟಿಯ ಮೇಲೆ ಆಸ್ತಿಗಾಗಿ ಅಥವಾ ಲೆಕ್ಕಕ್ಕಾಗಿ ಹೂಡುವ ದಾವೆಗೆ 1963ರ ಕಾಲಮಿತಿ ಅಧಿನಿಯಮದ 10ನೇ ಕಲಂ ಯಾವ ಗಡುವನ್ನೂ ಇಟ್ಟಿಲ್ಲ. ಬೆಲೆ ಕೊಟ್ಟು ಕೊಂಡವನಿಂದ ಸ್ಥಿರಾಸ್ತಿಯ ಸ್ವಾಧೀನವನ್ನು ಮರಳಿ ಪಡೆಯುವುದಕ್ಕೆ ಮಾತ್ರ ಅದೇ ಅಧಿನಿಯಮದ 92ನೇ ಅನುಚ್ಛೇದದಂತೆ 12 ವರ್ಷದ ಮಿತಿ ಇದೆ, ಮತ್ತು ಅದು ಶುರುವಾಗುವುದು ವರ್ಗಾವಣೆ ನಡೆದ ದಿನದಿಂದಲ್ಲ, ಅದು ವಾದಿಗೆ ತಿಳಿದ ದಿನದಿಂದ.