ಗಿಣ್ಣಿನೊಳಗಿನ ಏಲಕ್ಕಿ, ಮೆದುಳಿನೊಳಗಿನ ಗಡ್ಡೆ

ಅರಕಲಗೂಡಿನ ನಮ್ಮ ಮನೆಯಲ್ಲಿ ಎಮ್ಮೆ ಕರು ಹಾಕಿದರೆ ಅವ್ವ ಗಿಣ್ಣು ಬೇಯಿಸುತ್ತಾಳೆ. ಹಬೆಯಾರಿದ ಮೇಲೆ ತಟ್ಟೆಗೆ ಬೋರಲು ಹಾಕಿದರೆ ಪಾತ್ರೆಯಲ್ಲಿದ್ದ ಆಕಾರ ಉಳಿಯುವುದಿಲ್ಲ. ನಡು ತಗ್ಗುತ್ತದೆ, ಅಂಚು ಉಬ್ಬುತ್ತದೆ. ಒಳಗೆ ಸಿಕ್ಕಿಕೊಂಡ ಏಲಕ್ಕಿ ಕಾಳು ಈಗ ಎಲ್ಲಿಗೆ ಸರಿದಿದೆ? ಮೆದುಳಿನ ಗಡ್ಡೆ ತೆಗೆಯುವ ವೈದ್ಯರಿಗೂ ಇದೇ ಪ್ರಶ್ನೆ.

ಒಂದು ಕಿಲೋ ಮುನ್ನೂರು ಗ್ರಾಂ ಆಸುಪಾಸಿನ ಮೆದುಳು ತಲೆಬುರುಡೆಯೊಳಗೆ ದ್ರವದಲ್ಲಿ ತೇಲುತ್ತಿರುತ್ತದೆ. ಆ ತೇಲುವಿಕೆಯಿಂದ ಅದರ ಭಾರ ಬರೀ 50 ಗ್ರಾಂನಷ್ಟಾಗುತ್ತದೆ. ಬುರುಡೆ ತೆರೆದು ಪೊರೆ ಕತ್ತರಿಸಿದೊಡನೆ ದ್ರವ ಸೋರಿ, ಆಸರೆ ತಪ್ಪಿ, ಮೆದುಳು ಕುಸಿಯುತ್ತದೆ. ಕೆಲವೊಮ್ಮೆ ಒಂದು ಸೆಂಟಿಮೀಟರಿಗೂ ಹೆಚ್ಚು. ವೈದ್ಯರ ಕಣ್ಣೆದುರಿನ ಎಂಆರ್‌ಐ ಚಿತ್ರ ಮಾತ್ರ ಆಪರೇಷನ್ನಿಗೆ ಮುಂಚಿನದು. ಮಾತಿನ, ಕೈಕಾಲಿನ ಕೇಂದ್ರಗಳ ಪಕ್ಕದಲ್ಲಿ ಕೆಲವೇ ಮಿಲಿಮೀಟರ್ ತಪ್ಪಿದರೂ ರೋಗಿಯ ಬದುಕೇ ಬದಲಾದೀತು. ಆಪರೇಷನ್ ಕೋಣೆಯಲ್ಲೇ ಎಂಆರ್‌ಐ ಇಡಬಹುದು, ಆದರೆ ಅದು ಬಲು ದುಬಾರಿ.

ಹಾಗಾಗಿ ಲೆಕ್ಕ ಹಾಕುತ್ತಾರೆ. ಮೆದುಳಿನ ಚಿತ್ರವನ್ನು ಸಾವಿರಾರು ಪುಟ್ಟ ತುಣುಕುಗಳ ಬಲೆಯಾಗಿ ವಿಂಗಡಿಸಿ, ಒಂದು ತುಣುಕು ಪಕ್ಕದ್ದನ್ನು ಹೇಗೆ ಎಳೆಯುತ್ತದೆ, ತಳ್ಳುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಬಿಡಿಸುತ್ತಾರೆ. ಇದೇ ಫೈನೈಟ್ ಎಲಿಮೆಂಟ್ ವಿಧಾನ. ಈ ಹೆಸರನ್ನು ಅಮೆರಿಕದ ಇಂಜಿನಿಯರ್ ರೇ ಕ್ಲಫ್ ಬಳಕೆಗೆ ತಂದದ್ದು 1960ರಲ್ಲಿ. ಹಾಸನದ ಮಲೆನಾಡು ಇಂಜಿನಿಯರಿಂಗ್ ಕಾಲೇಜು ಶುರುವಾದ ವರ್ಷವೂ ಅದೇ. ಕಬ್ಬಿಣದ ತೊಲೆ ಎಷ್ಟು ಬಾಗುತ್ತದೆಂದು ಮೆಕ್ಯಾನಿಕಲ್ ಹುಡುಗರು ಹಾಕುವ ಲೆಕ್ಕದ ಜಾತಿಯೇ ಇದು.

ಆದರೆ ಮೆದುಳು ಕಬ್ಬಿಣವಲ್ಲ. ನಿಧಾನವಾಗಿ ಒತ್ತಿದರೆ ಮೆತ್ತಗೆ, ರಭಸದಿಂದ ಒತ್ತಿದರೆ ಗಟ್ಟಿ. ಸಂಶೋಧಕರಾದ ಕರೋಲ್ ಮಿಲ್ಲರ್ ಮತ್ತು ಕಿಯೊಯುಕಿ ಚಿನ್ಜೇ ಹಂದಿಯ ಮೆದುಳನ್ನು ಒತ್ತಿ ನೋಡಿ 1997ರಲ್ಲಿ ಇದಕ್ಕೊಂದು ಸಮೀಕರಣ ಕೊಟ್ಟರು. ಸರಿ, ಮಲಗಿರುವ ಈ ರೋಗಿಯ ಮೆದುಳು ಎಷ್ಟು ಗಟ್ಟಿ? ಅಳೆಯುವುದು ಹೇಗೆ?

ನನಗೆ ಅತ್ಯಂತ ಪ್ರಿಯವಾದ ಉತ್ತರ ಇಲ್ಲಿದೆ: ಬಹುಮಟ್ಟಿಗೆ ಅಳೆಯಬೇಕಾಗಿಯೇ ಇಲ್ಲ. ಗಿಣ್ಣನ್ನು ಬೆರಳಿನಿಂದ ಅರ್ಧ ಸೆಂಟಿಮೀಟರ್ ಒತ್ತಿ. ಗಟ್ಟಿ ಗಿಣ್ಣಾದರೆ ಹೆಚ್ಚು ಬಲ ಬೇಕು, ಮೆತ್ತಗಿದ್ದರೆ ಕಡಿಮೆ. ಆದರೆ ಒಳಗಿನ ಏಲಕ್ಕಿ ಸರಿಯುವ ದೂರ ಹೆಚ್ಚುಕಮ್ಮಿ ಒಂದೇ. ಹಾಗೆಯೇ, ತೆರೆದ ಮೆದುಳಿನ ಮೇಲ್ಮೈ ಎಷ್ಟು ತಗ್ಗಿದೆಯೆಂದು ಕ್ಯಾಮೆರಾದಿಂದ ಅಳೆದು ಕೊಟ್ಟರೆ ಸಾಕು, ಒಳಗಿನ ಗಡ್ಡೆ ಎಲ್ಲಿಗೆ ಸರಿದಿದೆಯೆಂದು ಲೆಕ್ಕ ಹೇಳುತ್ತದೆ. ಪಶ್ಚಿಮ ಆಸ್ಟ್ರೇಲಿಯಾ ವಿಶ್ವವಿದ್ಯಾಲಯದಲ್ಲಿ ಮಿಲ್ಲರ್, ಆಡಮ್ ವಿಟೆಕ್ ಮತ್ತು ಸಂಗಡಿಗರು ಇದನ್ನು ತೋರಿಸಿಕೊಟ್ಟರು. ಗ್ರಾಫಿಕ್ಸ್ ಕಾರ್ಡ್ ಬಳಸಿದರೆ ಒಂದು ನಿಮಿಷದೊಳಗೆ ಉತ್ತರ ಸಿಗುತ್ತದೆ.

ಕಷ್ಟ ಬರುವುದು ಚಾಕು ಆಡಿದ ಮೇಲೆ. ಗಡ್ಡೆ ತೆಗೆದ ಜಾಗದಲ್ಲಿ ತುಣುಕುಗಳ ಬಲೆ ಹರಿಯುತ್ತದೆ, ಲೆಕ್ಕ ಎಡವುತ್ತದೆ. ಅದಕ್ಕೇ ಈಗ ಬಲೆಯನ್ನೇ ಬಿಟ್ಟು, ಬರೀ ಬಿಂದುಗಳನ್ನು ಹರಡಿ ಲೆಕ್ಕ ಬಿಡಿಸುವ ಪ್ರಯತ್ನ ನಡೆದಿದೆ.