ಕಿರ್ದಿಯ '99', ಕಂಪ್ಯೂಟರಿನ '00'

ಬ್ಯಾಡಗಿಯಲ್ಲಿ ನಮ್ಮ ಸೋದರಮಾವನದು ಮೆಣಸಿನಕಾಯಿ ದಲಾಲಿ ಅಂಗಡಿ. ಹೋದ ದೀಪಾವಳಿಗೆ ಅಟ್ಟ ಸ್ವಚ್ಛ ಮಾಡುವಾಗ ಹಳೆಯ ಬಿಲ್ ಪುಸ್ತಕಗಳ ಕಟ್ಟೊಂದು ಸಿಕ್ಕಿತು. ದಿನಾಂಕದ ಜಾಗದಲ್ಲಿ 19 ಅಂತ ಮೊದಲೇ ಅಚ್ಚಾಗಿದೆ, ಮುಂದೆ ಎರಡು ಅಂಕಿಯಷ್ಟು ಖಾಲಿ. ಕೊನೆಯ ಪುಸ್ತಕದಲ್ಲಿ ಆ 19ರ ಮೇಲೆ ಗೀಟು ಎಳೆದು, ಪಕ್ಕದಲ್ಲಿ ಪೆನ್ನಿನಿಂದ 2000 ಬರೆದಿದ್ದಾರೆ. ವೈಟುಕೆ (Y2K) ಅಂದರೆ ವರ್ಷವನ್ನು ಎರಡೇ ಅಂಕಿಯಲ್ಲಿ ಬರೆದ ಕಡೆ, 2000 ಬಂದಾಗ '00' ಅಂದರೆ 1900 ಅಂತ ಲೆಕ್ಕ ತಪ್ಪುವ ತೊಂದರೆ. ಕಾಗದಕ್ಕೆ ಬಂದ ವೈಟುಕೆ ಅಷ್ಟರಲ್ಲೇ ಮುಗಿದಿತ್ತು. ಕಂಪ್ಯೂಟರಿನಲ್ಲಿ ಗೀಟು ಎಲ್ಲಿ ಎಳೆಯಬೇಕು ಅಂತ ಹುಡುಕುವುದೇ ದೊಡ್ಡ ಕೆಲಸವಾಯಿತು.

ವರ್ಷವನ್ನು ಅರ್ಧ ಹೇಳಿ ಅರ್ಧ ನುಂಗುವುದು ನಮಗೆ ಹೊಸದಲ್ಲ. ನಮ್ಮ ಸಂವತ್ಸರಗಳೂ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತವೆ. 1999ರ ಯುಗಾದಿಗೆ ಬಂದದ್ದು ಪ್ರಮಾಥಿ, 1939ರಲ್ಲಿ ಬಂದದ್ದೂ ಪ್ರಮಾಥಿಯೇ. ಬರೀ ಹೆಸರು ಹೇಳಿದರೆ ಯಾವುದು ಅಂತ ಗೊತ್ತಾಗುವುದಿಲ್ಲ, ಅಲ್ವಾ? ಅದಕ್ಕೇ ಶಾಸನ ಬರೆಸಿದವರು ಸಾಮಾನ್ಯವಾಗಿ ಶಕವರ್ಷದ ಸಂಖ್ಯೆಯನ್ನೂ ಸೇರಿಸುತ್ತಿದ್ದರು. ಗದಗ ಹತ್ತಿರದ ಲಕ್ಕುಂಡಿಯಲ್ಲಿರುವ ಅತ್ತಿಮಬ್ಬೆಯ ಶಾಸನ ಕ್ರಿ.ಶ. 1007ರದ್ದು ಅಂತ ಇವತ್ತು ಧೈರ್ಯವಾಗಿ ಹೇಳುತ್ತೇವೆ. ಕಲ್ಲು ಕೆತ್ತುವವರು ಜಾಗಕ್ಕೆ ಜುಗ್ಗತನ ಮಾಡಲಿಲ್ಲ.

ಕಂಪ್ಯೂಟರಿನವರು ಮಾಡಿದರು. ಅವರಿಗೂ ಕಾರಣವಿತ್ತು. ಮೊದಲಿನ ದಿನಗಳಲ್ಲಿ ಮಾಹಿತಿ ತುಂಬುತ್ತಿದ್ದದ್ದು ತೂತು ಹೊಡೆದ ಕಾರ್ಡುಗಳಲ್ಲಿ. ಒಂದು ಕಾರ್ಡಿನಲ್ಲಿ 80 ಅಕ್ಷರ ಮಾತ್ರ. ಹೆಸರು, ಖಾತೆ ನಂಬರು, ಮೊತ್ತ ಎಲ್ಲಾ ಅದರಲ್ಲೇ ಹಿಡಿಸಬೇಕು. 1967 ಬದಲು 67 ಅಂದರೆ ಎರಡು ಅಕ್ಷರ ಉಳಿತಾಯ. ಆಮೇಲೆ ಬಂದ ಮೆಮೊರಿಯೂ ಭಾರೀ ತುಟ್ಟಿ. ಬಾಬ್ ಬೀಮರ್ ಎಂಬ ಅಮೆರಿಕದ ಪ್ರೋಗ್ರಾಮರ್ 1971ರಲ್ಲೇ ಇದರ ಬಗ್ಗೆ ಎಚ್ಚರಿಸಿ ಬರೆದಿದ್ದರು. ಯಾರು ಕೇಳುತ್ತಾರೆ? ಈ ಪ್ರೋಗ್ರಾಂ ಅಲ್ಲಿಯವರೆಗೆ ಉಳಿಯುವುದಿಲ್ಲ ಅಂತ ಎಲ್ಲರ ಲೆಕ್ಕ. ಅವು ಉಳಿದವು.

ತೊಂದರೆ 2000ದ ಜನವರಿವರೆಗೆ ಕಾಯಲೂ ಇಲ್ಲ. 1995ರಲ್ಲಿ ಐದು ವರ್ಷಕ್ಕೆ ಠೇವಣಿ ಇಟ್ಟರೆ ಅವಧಿ ಮುಗಿಯುವುದು '00'ರಲ್ಲಿ. 00ದಿಂದ 95 ಕಳೆದರೆ ಬಡ್ಡಿ ಎಷ್ಟು? ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲೇ ಸಹಕಾರಿ ಸಂಘ ಶುರುವಾಗಿತ್ತು. ಅಂಥ ಹಳೆಯ ಸಂಘದ ದಾಖಲೆಯಲ್ಲಿ '05' ಅಂತ ಇದ್ದರೆ ಮನುಷ್ಯ ಕಾಗದದ ಬಣ್ಣ ನೋಡಿಯಾದರೂ ಹೇಳುತ್ತಾನೆ. ಯಂತ್ರಕ್ಕೆ ಆ ಕಣ್ಣಿಲ್ಲ.

ಮಾವನ ಅಂಗಡಿಯಲ್ಲಿ ಒಂದು 486, ಅಂದರೆ ಆ ಕಾಲದ ಹಳೆಯ ನಮೂನೆಯ ಕಂಪ್ಯೂಟರ್, ಇತ್ತು. 1999ರ ನವೆಂಬರಿನಲ್ಲಿ ನಾನು ಕಾಲೇಜು ಹುಡುಗ, ಪರೀಕ್ಷೆ ಮಾಡಿ ನೋಡುವ ಹುಮ್ಮಸ್ಸು. ಮೊದಲು ಲೆಕ್ಕವನ್ನೆಲ್ಲ ಫ್ಲಾಪಿಗೆ ನಕಲು ಮಾಡಿದೆ. ದಿನಾಂಕ 31-12-1999, ಸಮಯ ರಾತ್ರಿ 11:58 ಅಂತ ಕೊಟ್ಟು ಯಂತ್ರ ಆಫ್ ಮಾಡಿದೆ. ಐದು ನಿಮಿಷ ಬಿಟ್ಟು ಆನ್ ಮಾಡಿದರೆ 4-1-1980! ಮಾವ ಬಗ್ಗಿ ನೋಡಿ, "ಅಳಿಯಾ, ಯಂತ್ರ ಮುದುಕಾಗೋದು ಬಿಟ್ಟು ಸಣ್ಣದಾಗೇತಲ್ಲೋ" ಅಂತ ನಕ್ಕರು.

1980 ಎಲ್ಲಿಂದ ಬಂತು? ಒಳಗಿನ ಗಡಿಯಾರದ ಚಿಪ್ ವರ್ಷದ ಕೊನೆಯ ಎರಡು ಅಂಕಿ ಮಾತ್ರ ಎಣಿಸುತ್ತದೆ. ಶತಮಾನದ ಅಂಕಿ ಬೇರೆ ಜಾಗದಲ್ಲಿರುತ್ತದೆ, ಚಿಪ್ ಅದನ್ನು ತಾನಾಗಿ ಬದಲಿಸುವುದಿಲ್ಲ. ಯಂತ್ರ ಆನ್ ಆದಾಗ ಮೊದಲು ಓಡುವ ಪ್ರೋಗ್ರಾಂ ಬಯೋಸ್; ಹಳೆಯದಾದರೆ ಅದು ಸುಮ್ನೆ 1900 ಅಂತ ಒಪ್ಪಿಸುತ್ತದೆ. ಯಂತ್ರವನ್ನು ನಡೆಸುವ ತಂತ್ರಾಂಶವಾದ ಡಾಸ್‌ಗೆ 1980ಕ್ಕಿಂತ ಹಿಂದಿನ ವರ್ಷವೇ ಗೊತ್ತಿಲ್ಲ, ಹೀಗಾಗಿ ಈ ಅವಾಂತರ. ಎಷ್ಟೋ ಯಂತ್ರಗಳಲ್ಲಿ 2000 ಅಂತ ಒಮ್ಮೆ ಕೈಯಿಂದ ಕೊಟ್ಟರೆ ಸಾಕಿತ್ತು, ಆಮೇಲೆ ನೆನಪಿಟ್ಟುಕೊಳ್ಳುತ್ತಿದ್ದವು. ನಮ್ಮದೂ ಅಂಥದ್ದೇ.

ಲೆಕ್ಕದ ಪ್ರೋಗ್ರಾಂ ಫಾಕ್ಸ್‌ಪ್ರೋ ಎಂಬ ದತ್ತಾಂಶ ತಂತ್ರಾಂಶದಲ್ಲಿ ಬರೆದದ್ದು. ಅದರ ಡೇಟ್ ಫೀಲ್ಡು, ಅಂದರೆ ದಿನಾಂಕ ತುಂಬುವ ಜಾಗ, ಒಳಗೆ ವರ್ಷವನ್ನು ನಾಲ್ಕು ಅಂಕಿಯಲ್ಲೇ ಇಡುತ್ತದೆ. ಆದರೆ ಪರದೆಯ ಮೇಲೆ ಎರಡೇ ಅಂಕಿ ಕೇಳಿ, 00 ಹೊಡೆದರೆ 1900 ಅಂತ ಬರೆದುಕೊಳ್ಳುತ್ತದೆ. 'ಸೆಟ್ ಸೆಂಚುರಿ ಆನ್' ಅನ್ನೋ ಒಂದು ಸಾಲು ಸೇರಿಸಿ, ಪರದೆಯಲ್ಲಿ ನಾಲ್ಕು ಅಂಕಿಗೆ ಜಾಗ ಬಿಟ್ಟರೆ ಮುಗಿಯಿತು. ಉದ್ರಿ ಖಾತೆಯಲ್ಲಿ ಮಾತ್ರ ಪ್ರೋಗ್ರಾಂ ಬರೆದವರು ದಿನಾಂಕವನ್ನು ಬರೀ ಅಕ್ಷರಗಳಾಗಿ ತುಂಬಿದ್ದರು. ಅದನ್ನು ಸರಿಮಾಡಲು ನನಗೆ ನಾಲ್ಕು ರಾತ್ರಿ ಹಿಡಿಯಿತು.

ಇನ್ನು ಕೆಲವರು ಸುಲಭದ ದಾರಿ ಹಿಡಿದರು: ಎರಡೇ ಅಂಕಿ ಉಳಿಸಿಕೊಂಡು, ಯಾವುದು ಯಾವ ಶತಮಾನದ್ದು ಅಂತ ಗಡಿ ಹಾಕಿದರು. ಎಕ್ಸೆಲ್ 97 ನೋಡಿ: 00ದಿಂದ 29ರವರೆಗೆ 2000ದ ವರ್ಷಗಳು, 30ರಿಂದ ಮುಂದೆ 1900ರವು. 1928ರಲ್ಲಿ ಹುಟ್ಟಿದ ಅಜ್ಜಿಯ ವರ್ಷ 28 ಅಂತ ಹೊಡೆದರೆ ಆಕೆ ಇನ್ನೂ ಹುಟ್ಟೇ ಇಲ್ಲ. ಫೆಬ್ರುವರಿಯದು ಇನ್ನೊಂದು ತಕರಾರು. 1900ಕ್ಕೆ 29ನೇ ತಾರೀಖಿಲ್ಲ, 400ರಿಂದ ಭಾಗವಾಗುವ 2000ಕ್ಕೆ ಇದೆ. 00ವನ್ನು 1900 ಅಂತ ಓದಿದ ಯಂತ್ರಕ್ಕೆ ಆ ದಿನವೇ ಇಲ್ಲ.

ಜನವರಿ 1, 2000, ಶನಿವಾರ. ವಿಮಾನ ಬೀಳಲಿಲ್ಲ, ಕರೆಂಟೂ ಅದಕ್ಕಾಗಿ ಹೋಗಲಿಲ್ಲ. "ಸುಮ್ನೆ ಹೆದರಿಸಿ ದುಡ್ಡು ಮಾಡಿದರು" ಅನ್ನುವವರು ಇವತ್ತಿಗೂ ಇದ್ದಾರೆ. ನನಗೆ ಆ ಮಾತು ಸೇರುವುದಿಲ್ಲ. ಸರಿಮಾಡದೆ ಬಿಟ್ಟ ಕಡೆ ತಪ್ಪು ಆಗಿಯೇ ಆಯಿತು. ನ್ಯೂಯಾರ್ಕ್ ರಾಜ್ಯದ ಒಂದು ವಿಡಿಯೊ ಅಂಗಡಿಯಲ್ಲಿ ಗಿರಾಕಿಯೊಬ್ಬರಿಗೆ ನೂರು ವರ್ಷ ತಡವೆಂದು 91,250 ಡಾಲರ್ ಬಿಲ್ ಬಂತು. ಅದು ನಗುವ ಸಂಗತಿ. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ವಯಸ್ಸಿನ ಲೆಕ್ಕ ತಪ್ಪಿ, 150ಕ್ಕೂ ಹೆಚ್ಚು ಗರ್ಭಿಣಿಯರಿಗೆ ತಪಾಸಣೆಯ ಫಲಿತಾಂಶವೇ ತಪ್ಪಾಗಿ ಹೋಯಿತು. ಅದು ನಗುವಂಥದ್ದಲ್ಲ.

ಮುಂದಿನ ತಾರೀಖೂ ಗೊತ್ತಾಗಿದೆ. 1970ರಿಂದ ಸೆಕೆಂಡುಗಳನ್ನು 32 ಬಿಟ್‌ನಷ್ಟು (ಸೊನ್ನೆ-ಒಂದುಗಳ 32 ಮನೆಯಷ್ಟು) ಜಾಗದಲ್ಲಿ ಎಣಿಸುವ ಯಂತ್ರಗಳಿಗೆ 2038ರ ಜನವರಿ 19ರಂದು, ನಮ್ಮ ಗಡಿಯಾರದಲ್ಲಿ ಮುಂಜಾನೆ 8:44ಕ್ಕೆ, ಎಣಿಕೆ ತುಂಬಿಹೋಗುತ್ತದೆ. ಅಂಗಡಿಯ ಈಗಿನ ಕಂಪ್ಯೂಟರ್ 64 ಬಿಟ್, ಅದರದ್ದು ಜಾಸ್ತಿ ಚಿಂತೆಯಿಲ್ಲ. ತೂಕದ ಯಂತ್ರದೊಳಗೆ ಏನಿದೆ ಅಂತ ಮಾವನನ್ನು ಕೇಳಿದೆ. "ಮಾರಿದಾಂವನ್ನ ಕೇಳ್ಬೇಕು, ಅಂವ ಅಂಗಡಿ ಮುಚ್ಚಿ ಆರು ವರ್ಷ ಆತು" ಅಂದರು.